ಕಿಟಕಿಗಳಿಲ್ಲದ ವಿಂಡೋಸ್

ಕಂಪ್ಯೂಟರ್ ಕಥೆಗಳು | ಕಂತು 6

ಸರ್ವರ್ ಆನ್ ಮಾಡಿದ್ರಿ, ಪಾಸ್‌ವರ್ಡ್ ಹಾಕಿದ್ರಿ. ಸ್ಟಾರ್ಟ್ ಬಟನ್ ಇಲ್ಲ, ಐಕಾನ್ ಇಲ್ಲ, ಟಾಸ್ಕ್‌ಬಾರ್ ಇಲ್ಲ. ಖಾಲಿ ಪರದೆ ಮೇಲೆ ಒಂದೇ ಒಂದು ಕಪ್ಪು ಕಮಾಂಡ್ ಪ್ರಾಂಪ್ಟ್. ಕೆಟ್ಟುಹೋಗಿದೆ ಅಂದ್ಕೋಬೇಡಿ! ಇದು ವಿಂಡೋಸ್ ಸರ್ವರ್ 2008ರ ಜೊತೆ ಬಂದ ‘ಸರ್ವರ್ ಕೋರ್’.

ಎಲ್ಲರ ಕೈಗೂ ಮೌಸ್ ಕೊಟ್ಟ ಮೈಕ್ರೋಸಾಫ್ಟೇ ಇಂಥದ್ದೊಂದನ್ನು ಯಾಕೆ ಮಾಡ್ತು? ಅದು ಅರ್ಥ ಆಗ್ಬೇಕಾದ್ರೆ ಎರಡು ಕೆಟ್ಟ ದಿನಗಳ ಕಥೆ ಕೇಳ್ಬೇಕು.

🔴 ಜುಲೈ 19, 2001
‘ಕೋಡ್ ರೆಡ್’ ಅನ್ನೋ ವರ್ಮ್ 14 ಗಂಟೆಯೊಳಗೆ ಸುಮಾರು 3,59,000 ಕಂಪ್ಯೂಟರ್‌ಗಳಿಗೆ ನುಗ್ಗಿತು. ನುಗ್ಗಿದ ದಾರಿ ಐಐಎಸ್ ಎಂಬ ವೆಬ್ ಸರ್ವರ್‌ನ ಒಂದು ದೋಷ. ವಿಂಡೋಸ್ 2000 ಸರ್ವರ್ ಇನ್‌ಸ್ಟಾಲ್ ಮಾಡಿದ್ರೆ ಐಐಎಸ್ ತಾನಾಗೇ ಬಂದು ಕೂರ್ತಿತ್ತು. ವೆಬ್‌ಸೈಟೇ ನಡೆಸದವರ ಹಿತ್ತಿಲ ಬಾಗಿಲೂ ಹೀಗೆ ತೆರೆದೇ ಇತ್ತು. ಪ್ಯಾಚ್ ಒಂದು ತಿಂಗಳ ಮೊದಲೇ ಬಂದಿತ್ತು. ಆದರೆ ತನ್ನ ಮನೆಗೆ ಆ ಬಾಗಿಲಿದೆ ಅಂತಲೇ ಗೊತ್ತಿಲ್ಲದವನು ಚಿಲಕ ಹಾಕೋದು ಹೇಗೆ?

🔴 ಜನವರಿ 25, 2003
‘ಸ್ಲ್ಯಾಮರ್’ ವರ್ಮ್. ಗಾತ್ರ ಬರೀ 376 ಬೈಟ್. ಅದಕ್ಕೆ ಸಿಗಬಹುದಾಗಿದ್ದ ಯಂತ್ರಗಳಲ್ಲಿ ಶೇಕಡಾ 90ರಷ್ಟನ್ನು 10 ನಿಮಿಷದಲ್ಲಿ ಹಿಡಿಯಿತು. ಇಲ್ಲೂ ಅದೇ ಕಥೆ: ಬೇರೆ ಸಾಫ್ಟ್‌ವೇರ್ ಜೊತೆ ಸದ್ದಿಲ್ಲದೆ ಬಂದಿದ್ದ ಪುಟ್ಟ ಡೇಟಾಬೇಸ್ ಎಂಜಿನ್ ಎಷ್ಟೋ ಯಂತ್ರಗಳಲ್ಲಿತ್ತು. ಪ್ಯಾಚ್ ಬಂದು ಆರು ತಿಂಗಳಾಗಿತ್ತು.

ಇವೆರಡರ ನಡುವೆ, 2002ರ ಜನವರಿಯಲ್ಲಿ, ಬಿಲ್ ಗೇಟ್ಸ್ ತಮ್ಮ ಸಿಬ್ಬಂದಿಗೆಲ್ಲ ಒಂದು ಪತ್ರ ಬರೆದರು. ಹೊಸ ಸೌಲಭ್ಯ ಸೇರಿಸೋದಾ, ಭದ್ರತೆ ನೋಡೋದಾ ಅನ್ನೋ ಪ್ರಶ್ನೆ ಬಂದಾಗ ಭದ್ರತೆಯನ್ನೇ ಆರಿಸಿ ಅನ್ನೋದು ಅದರ ಸಾರ. ವಿಂಡೋಸ್ ಸರ್ವರ್ 2003ರಲ್ಲಿ ಐಐಎಸ್ ತಾನಾಗೇ ಬರೋದು ನಿಂತಿತು. 2008ರ ಸರ್ವರ್ ಕೋರ್ ಅದೇ ದಾರಿಯಲ್ಲಿ ಮುಂದಿನ ಹೆಜ್ಜೆ. ಡೆಸ್ಕ್‌ಟಾಪ್ ಇಲ್ಲ, ಇಂಟರ್ನೆಟ್ ಎಕ್ಸ್‌ಪ್ಲೋರರ್ ಇಲ್ಲ. ನೋಟ್‌ಪ್ಯಾಡ್ ಮಾತ್ರ ಉಳೀತು 😄

ಒಂದು ತಮಾಷೆ ಗೊತ್ತಾ? ಕಮಾಂಡ್‌ನಲ್ಲೇ ಕೆಲಸ ಮಾಡೋಕೆ ಅಂತ ಹುಟ್ಟಿದ ಪವರ್‌ಶೆಲ್ ಆ ಮೊದಲ ಸರ್ವರ್ ಕೋರ್‌ನಲ್ಲಿ ಓಡ್ತಾನೇ ಇರಲಿಲ್ಲ! ಅದಕ್ಕೆ ಬೇಕಾದ ಡಾಟ್‌ನೆಟ್ ಅಲ್ಲಿರಲಿಲ್ಲ. 2009ರಲ್ಲಿ ಬಂದ 2008 ಆರ್2 ಆವೃತ್ತಿಯಲ್ಲಿ ಅದು ಸರಿಹೋಯ್ತು. ‘ಎಸ್‌ಕಾನ್ಫಿಗ್’ ಅನ್ನೋ ನಂಬರ್ ಮೆನುವೂ ಆಗಲೇ ಬಂತು. ಕಂಪ್ಯೂಟರ್ ಹೆಸರು, ನೆಟ್‌ವರ್ಕ್, ಅಪ್‌ಡೇಟ್ ಎಲ್ಲ ಅಲ್ಲೇ. ಉಳಿದ ಕೆಲಸವನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಕೂತು ದೂರದಿಂದಲೇ ಮಾಡಬಹುದು.

ಹಾಗಂತ ಕಪ್ಪು ಪರದೆ ರಕ್ಷಾಕವಚ ಏನಲ್ಲ. ಇಲ್ಲೂ ಪ್ಯಾಚ್ ಹಾಕ್ಲೇಬೇಕು. ಆದರೆ ಇಲ್ಲದ ಸಾಫ್ಟ್‌ವೇರ್‌ಗೆ ಪ್ಯಾಚ್ ಮರೆಯೋ ಪ್ರಶ್ನೆಯೇ ಬರಲ್ಲ, ಅಲ್ವಾ?

ಮುಂದಿನ ಸಲ ಲ್ಯಾಬ್‌ನಲ್ಲಿ ಸರ್ವರ್ ಹಾಕುವಾಗ ‘ಇನ್ನೇನು ಸೇರಿಸಲಿ?’ ಅನ್ನೋ ಮೊದಲು ‘ಇಲ್ಲಿ ಈಗಾಗಲೇ ಏನೇನು ಓಡ್ತಿದೆ?’ ಅಂತ ಒಮ್ಮೆ ನೋಡಿ. 2001ರಲ್ಲಿ ಎಷ್ಟೋ ಜನ ಕೇಳದೇ ಬಿಟ್ಟ ಪ್ರಶ್ನೆ ಅದು.

ನಿಮ್ಮ ಸರ್ವರ್‌ನಲ್ಲಿ ನಿಮಗೇ ಗೊತ್ತಿಲ್ಲದೆ ಏನು ಓಡ್ತಿತ್ತು? ಕಾಮೆಂಟ್‌ನಲ್ಲಿ ಹೇಳಿ 👇

#ಕಂಪ್ಯೂಟರ್‌ಕಥೆಗಳು #ಸರ್ವರ್‌ಕೋರ್ #ಕನ್ನಡದಲ್ಲಿತಂತ್ರಜ್ಞಾನ