ಪ್ರತಿಷ್ಠಾಪನಾ ಕಲೆಯಲ್ಲಿ ಬೆಳಕು ಮತ್ತು ಅರೆಪಾರದರ್ಶಕ ವಸ್ತುಗಳು

ಬೆಳಕನ್ನು ಪೂರ್ತಿ ಬಿಡದೆ, ಪೂರ್ತಿ ತಡೆಯದೆ ಹಾಯಿಸುವ ತೆಳುಬಟ್ಟೆ, ಗಾಜು, ಅಕ್ರಿಲಿಕ್, ರಾಳ ಮೊದಲಾದವು ಈ ಕಲೆಯ ಮುಖ್ಯ ಸಾಮಗ್ರಿಯಾದದ್ದು 1960ರ ದಶಕದಲ್ಲಿ, ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ. 1930ರಲ್ಲೇ ಹಂಗೇರಿಯ ಲಾಸ್ಲೊ ಮೊಹೊಯ್-ನಾಜ್ ತಿರುಗುವ ಯಂತ್ರವೊಂದನ್ನು ಮಾಡಿ ಗೋಡೆಗಳ ಮೇಲೆ ಬೆಳಕು-ನೆರಳು ಹರಿಸಿದ್ದ. ಅಲ್ಲಿ ನೋಡಲು ಒಂದು ವಸ್ತುವಿತ್ತು. ಆದರೆ ಕ್ಯಾಲಿಫೋರ್ನಿಯದ ಈ ಕಲಾವಿದರು ನೋಡುವ ಕ್ರಿಯೆಯನ್ನೇ ಕಲೆಯಾಗಿಸಿದರು. 'ಲೈಟ್ ಅಂಡ್ ಸ್ಪೇಸ್' ಎಂದು ಹೆಸರಾದ ಈ ಪಂಥದ ಹೆಚ್ಚುಗಾರಿಕೆ ಇದು.

ಇವರಲ್ಲಿ ರಾಬರ್ಟ್ ಇರ್ವಿನ್ (1928–2023) ಎಲ್ಲರಿಗಿಂತ ದೂರ ನಡೆದವನು. ಗೋಡೆಯಿಂದ ಮುಂದಕ್ಕೆ ನಿಲ್ಲಿಸಿದ ಇವನ ದುಂಡು ತಟ್ಟೆಗಳ ಮೇಲೆ ನಾಲ್ಕು ದೀಪಗಳ ಬೆಳಕು ಬಿದ್ದಾಗ ತಟ್ಟೆ ಯಾವುದು, ನೆರಳು ಯಾವುದು ಎಂದು ಕಣ್ಣು ತಡವರಿಸುತ್ತದೆ. 1968–69ರಲ್ಲಿ ಈತ ಇದೇ ಪಂಥದ ಜೇಮ್ಸ್ ಟರೆಲ್ ಮತ್ತು ಮನಶ್ಶಾಸ್ತ್ರಜ್ಞ ಎಡ್ವರ್ಡ್ ವೋರ್ಟ್ಸ್ ಜೊತೆ ಸದ್ದೇ ಇಲ್ಲದ ಕೋಣೆಯ ಪ್ರಯೋಗಗಳನ್ನು ನಡೆಸಿದ. ಅದರ ಕತ್ತಲಲ್ಲಿ ಹೊತ್ತು ಕಳೆದು ಹೊರಬಂದವರಿಗೆ ಪರಿಚಿತ ಬೀದಿಯೇ ಬೇರೆಯಾಗಿ ಕಾಣುತ್ತಿತ್ತು.

1970ರಲ್ಲಿ ತನ್ನ ಸ್ಟುಡಿಯೊ ಮುಚ್ಚಿದ ಇರ್ವಿನ್ ಕೈಗೆತ್ತಿಕೊಂಡದ್ದು ರಂಗಭೂಮಿಯಲ್ಲಿ ಬಳಸುವ ಸ್ಕ್ರಿಮ್ ಎಂಬ ವಿರಳ ನೇಯ್ಗೆಯ ಬಟ್ಟೆ. ಸೊಳ್ಳೆಪರದೆಯೊಳಗೆ ಮಲಗಿದವರಿಗೆಲ್ಲ ಅದರ ಗುಣ ಗೊತ್ತು: ದೀಪ ನಾವಿರುವ ಕಡೆ ಇದ್ದರೆ ಪರದೆಯೇ ಬೆಳಗಿ ಆಚೆಯದು ಮರೆಯಾಗುತ್ತದೆ, ದೀಪ ಆಚೆ ಇದ್ದರೆ ಪರದೆಯೇ ಮಾಯ.

ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನ ನಾಲ್ಕನೆಯ ಮಹಡಿಯಲ್ಲಿ 1977ರಲ್ಲಿ ಇರ್ವಿನ್ ಮಾಡಿದ ಕೃತಿ ಈ ಬಟ್ಟೆಯ ಬಳಕೆಯ ಶಿಖರ. ಸುಮಾರು 114 ಅಡಿ ಉದ್ದದ ಬಿಳಿ ಸ್ಕ್ರಿಮ್ ಛಾವಣಿಯಿಂದ ಕಣ್ಣಿನ ಮಟ್ಟದವರೆಗೆ ಇಳಿದಿತ್ತು. ಅದರ ಅಂಚಿಗೆ ಕಪ್ಪು ಲೋಹದ ಪಟ್ಟಿ. ಅದೇ ಎತ್ತರದಲ್ಲಿ ಸುತ್ತಲ ಗೋಡೆಗಳ ಮೇಲೆ ಕಪ್ಪು ಗೆರೆ. ದೀಪಗಳಿಲ್ಲ, ಕಿಟಕಿಯ ಬೆಳಕಷ್ಟೇ. ನಡೆದಂತೆಲ್ಲ ಬಟ್ಟೆ ಒಮ್ಮೆ ಗೋಡೆಯಂತೆ ಗಟ್ಟಿಯಾಗಿ, ಒಮ್ಮೆ ಮಂಜಿನಂತೆ ಕರಗಿ ಕಾಣುತ್ತಿತ್ತು. ಮೋಡ ಕವಿದರೆ ಕೋಣೆಯೇ ಬದಲಾಗುತ್ತಿತ್ತು. ಬರಿಗಣ್ಣು ಎಷ್ಟನ್ನು ಊಹಿಸಿಕೊಂಡು ತುಂಬುತ್ತದೆಂದು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ತೋರಿಸಿದ ಕೃತಿಗಳು ವಿರಳ. ಇಂಥದ್ದು ಛಾಯಾಚಿತ್ರಕ್ಕೆ ದಕ್ಕುವುದಿಲ್ಲ. 1960ರ ದಶಕದಲ್ಲಿ ತನ್ನ ಕೃತಿಗಳ ಚಿತ್ರ ಅಚ್ಚಾಗುವುದಕ್ಕೇ ಇರ್ವಿನ್ ಒಪ್ಪುತ್ತಿರಲಿಲ್ಲ. ವಿಟ್ನಿ ಆ ಕಟ್ಟಡ ಬಿಡುವ ಮುನ್ನ, 2013ರಲ್ಲಿ, ಈ ಕೃತಿಯನ್ನು ಅಲ್ಲೇ ಮತ್ತೆ ಕಟ್ಟಲಾಯಿತು.

ಟರೆಲ್ ಮುಂದೆ ಅಂಚು-ಮೂಲೆಗಳೇ ಕಾಣದಂತೆ ಬಣ್ಣದ ಬೆಳಕು ತುಂಬಿದ ಕೋಣೆಗಳತ್ತ ಸಾಗಿದ. ಇತ್ತ ಟೆಕ್ಸಸ್‌ನ ಮಾರ್ಫಾದಲ್ಲಿ, ಹಳೆಯ ಸೇನಾ ಆಸ್ಪತ್ರೆಯಿದ್ದ ಜಾಗದಲ್ಲಿ ಇರ್ವಿನ್‌ನ ಶಾಶ್ವತ ಕೃತಿ 2016ರಲ್ಲಿ ತೆರೆಯಿತು. ಕಟ್ಟಡದ ಅರ್ಧ ಕಪ್ಪು ಸ್ಕ್ರಿಮ್, ಅರ್ಧ ಬಿಳಿ. ಕಿಟಕಿಗಳ ಸಾಲಿನಿಂದ ಬರುವ ಬಿಸಿಲು ಹೊತ್ತಿಗೆ ತಕ್ಕಂತೆ ಎರಡರ ಮೇಲೂ ಸರಿಯುತ್ತದೆ.