ಯಾರ ಶಾಂತಿ? ದಕ್ಷಿಣ ಆಫ್ರಿಕದ ಚರ್ಚುಗಳು ನಡೆದ ದಾರಿ

1908ರಲ್ಲಿ ಜೋಹಾನ್ಸ್‌ಬರ್ಗ್‌ನ ಬೀದಿಯಲ್ಲಿ ಪೆಟ್ಟು ತಿಂದು ಬಿದ್ದ ಗಾಂಧಿಯನ್ನು ಮನೆಗೆ ಕರೆದೊಯ್ದು ಆರೈಕೆ ಮಾಡಿದವರು ಬ್ಯಾಪ್ಟಿಸ್ಟ್ ಪಾದ್ರಿ ಜೋಸೆಫ್ ಡೋಕ್. ಗಾಂಧಿಯ ಮೊದಲ ಜೀವನಚರಿತ್ರೆ ಬರೆದವರೂ ಅವರೇ. ಆದರೆ ಆ ಕಾಲದ ಚರ್ಚುಗಳೆಲ್ಲ ಡೋಕ್ ಅವರಂತಿದ್ದವು ಎಂದುಕೊಂಡರೆ ತಪ್ಪಾದೀತು. ಬಿಳಿಯರೂ ಕರಿಯರೂ ಬೇರೆಬೇರೆ ಆರಾಧನೆ ನಡೆಸಬಹುದೆಂದು ಡಚ್ ರಿಫಾರ್ಮ್ಡ್ ಚರ್ಚಿನ ಆಡಳಿತ ಸಭೆಯಾದ ಸಿನೊಡ್ 1857ರಲ್ಲೇ ಒಪ್ಪಿತ್ತು. 'ಕೆಲವರ ದೌರ್ಬಲ್ಯ'ಕ್ಕೆಂದು ಕೊಟ್ಟ ಆ ರಿಯಾಯಿತಿಯೇ ಮುಂದೆ ಸಿದ್ಧಾಂತವಾಯಿತು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಕರಿಯರು ಸದಾ ಗುರುತಿನ ಪಾಸ್ ಇಟ್ಟುಕೊಂಡಿರಬೇಕೆಂಬ ಕಾನೂನಿನ ವಿರುದ್ಧ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲೇ 69 ಮಂದಿ ಸತ್ತರು. ಜೋಹಾನ್ಸ್‌ಬರ್ಗ್‌ನ ಆಂಗ್ಲಿಕನ್ ಬಿಷಪ್ ಆಂಬ್ರೋಸ್ ರೀವ್ಸ್ ಪ್ರಾರ್ಥನೆ, ಖಂಡನೆಗಳಷ್ಟರಿಂದಲೇ ತೃಪ್ತರಾಗಲಿಲ್ಲ. ಗಾಯಾಳುಗಳ ಹೇಳಿಕೆ ಸಂಗ್ರಹಿಸಲು ಮುಂದಾದರು. ಹಲವರಿಗೆ ಗುಂಡು ತಗುಲಿದ್ದು ಬೆನ್ನಿಗೆ. ಅಂದರೆ ಅವರು ಓಡುತ್ತಿದ್ದರು. ಅದೇ ವರ್ಷ ಸರ್ಕಾರ ರೀವ್ಸ್ ಅವರನ್ನು ದೇಶದಿಂದ ಹೊರಹಾಕಿತು. ಈ ಇಡೀ ಚರಿತ್ರೆಯಲ್ಲಿ ಚರ್ಚು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಈ ಹೇಳಿಕೆಗಳ ಸಂಗ್ರಹವೇ ಎಂದು ನನಗನಿಸುತ್ತದೆ. ಘೋಷಣೆಗಳು ಹಳತಾಗುತ್ತವೆ, ಸಾಕ್ಷ್ಯ ಹಾಗಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಚರ್ಚುಗಳ ಜಾಗತಿಕ ಮಂಡಳಿ ಕಾಟೆಸ್ಲೊದಲ್ಲಿ ಸಭೆ ಕರೆಯಿತು. ಡಚ್ ರಿಫಾರ್ಮ್ಡ್ ಪ್ರತಿನಿಧಿಗಳೂ ವರ್ಣಭೇದ ನೀತಿಯನ್ನು ಪ್ರಶ್ನಿಸುವ ಹಲವು ನಿರ್ಣಯಗಳಿಗೆ ಒಪ್ಪಿದರು. ಪ್ರಧಾನಿ ವೆರ್ವೂರ್ಡ್ ಕಣ್ಣು ಕೆಂಪಾಗಿಸಿದ್ದೇ ತಡ, ಸಿನೊಡ್‌ಗಳು ಹಿಂದೆ ಸರಿದವು. ಹಿಂದೆ ಸರಿಯದವರಲ್ಲಿ ಬೆಯರ್ಸ್ ನೌಡೆ ಒಬ್ಬರು. 1963ರಲ್ಲಿ ಅವರು ಪಾದ್ರಿ ಹುದ್ದೆ ಬಿಟ್ಟು ಕ್ರಿಶ್ಚಿಯನ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಸೊವೆಟೊ ವಿದ್ಯಾರ್ಥಿ ದಂಗೆಯ ಮರುವರ್ಷ, 1977ರಲ್ಲಿ, ಸಂಸ್ಥೆಯನ್ನೂ ಅವರನ್ನೂ ನಿಷೇಧಿಸಲಾಯಿತು. ಈ ನಡುವೆ 1970ರಲ್ಲಿ ಜಾಗತಿಕ ಮಂಡಳಿ ವಿಮೋಚನಾ ಚಳವಳಿಗಳಿಗೆ ಧನಸಹಾಯ ಕೊಟ್ಟದ್ದು ಯುರೋಪಿನ ಚರ್ಚುಗಳಲ್ಲೇ ಜಗಳ ಎಬ್ಬಿಸಿತು.

ಎಂಬತ್ತರ ದಶಕದಲ್ಲಿ ನಾಯಕತ್ವ ಕರಿಯ ದೇವಶಾಸ್ತ್ರಜ್ಞರ ಕೈಗೆ ಬಂತು. 1982ರಲ್ಲಿ ಅಲನ್ ಬೂಸಾಕ್ ಮುಂದಾಳತ್ವದಲ್ಲಿ ರಿಫಾರ್ಮ್ಡ್ ಚರ್ಚುಗಳ ಜಾಗತಿಕ ಒಕ್ಕೂಟವು ವರ್ಣಭೇದದ ದೇವಶಾಸ್ತ್ರೀಯ ಸಮರ್ಥನೆಯನ್ನು ಧರ್ಮದ್ರೋಹವೆಂದು ಸಾರಿತು. ತುರ್ತುಪರಿಸ್ಥಿತಿಯ ನಡುವೆ, 1985ರ ಸೆಪ್ಟೆಂಬರಿನಲ್ಲಿ, ದೇವಶಾಸ್ತ್ರಜ್ಞರ ಗುಂಪೊಂದು ಬರೆದ ಕೈರೋಸ್ ದಾಖಲೆ ಹೊರಬಂತು. ಅದು ಸರ್ಕಾರವನ್ನಷ್ಟೇ ಅಲ್ಲ, ಚರ್ಚನ್ನೂ ತರಾಟೆಗೆ ತೆಗೆದುಕೊಂಡಿತು: ಅನ್ಯಾಯವನ್ನು ಹಾಗೆಯೇ ಬಿಟ್ಟು ಇಬ್ಬರೂ ರಾಜಿಯಾಗಿ ಎನ್ನುವುದು ಬಲಿಷ್ಠನ ಪಕ್ಷ ವಹಿಸಿದಂತೆ. ಅರ್ಧ ಶತಮಾನದ ಉಪದೇಶಗಳನ್ನು ಅಲುಗಾಡಿಸಿದ ಮಾತಿದು.

ಬರಹದಷ್ಟು ನೇರವಾಗಿರಲಿಲ್ಲ ಬೀದಿ. ಅದೇ ವರ್ಷದ ಜುಲೈಯಲ್ಲಿ ಡುಡುಜಾದಲ್ಲಿ, ಪೊಲೀಸ್ ಮಾಹಿತಿದಾರನೆಂದು ಒಬ್ಬನನ್ನು ಸುಡಲು ಹೊರಟ ಗುಂಪಿನಿಂದ ಬಿಷಪ್ ಡೆಸ್ಮಂಡ್ ಟುಟು ಅವನನ್ನು ಪಾರು ಮಾಡಿದರು. ಸಿಟ್ಟಿಗೆದ್ದವರ ಪರ ನಿಂತೇ ಅವರ ಕೈ ತಡೆಯುವ ಕಷ್ಟ ಯಾವ ದಾಖಲೆಯಲ್ಲೂ ಬಗೆಹರಿದಿಲ್ಲ. 1988ರಲ್ಲಿ ದಕ್ಷಿಣ ಆಫ್ರಿಕದ ಚರ್ಚುಗಳ ಮಂಡಳಿಯ ಕಚೇರಿಯಿದ್ದ ಖೊಟ್ಸೊ ಹೌಸ್ ಬಾಂಬಿಗೆ ತುತ್ತಾಯಿತು. ಅದರ ಹಿಂದೆ ಪ್ರಭುತ್ವವೇ ಇತ್ತೆಂಬುದನ್ನು ಮಾಜಿ ಮಂತ್ರಿ ಏಡ್ರಿಯಾನ್ ಫ್ಲಾಕ್ ಮುಂದೆ ಒಪ್ಪಿಕೊಂಡರು.

1990ರ ನವೆಂಬರಿನಲ್ಲಿ ರಸ್ಟನ್‌ಬರ್ಗ್‌ನಲ್ಲಿ ಡಚ್ ರಿಫಾರ್ಮ್ಡ್ ದೇವಶಾಸ್ತ್ರಜ್ಞ ವಿಲ್ಲಿ ಯೊಂಕರ್ ವರ್ಣಭೇದಕ್ಕಾಗಿ ತಮ್ಮ ಚರ್ಚಿನ ಪರವಾಗಿಯೂ ಕ್ಷಮೆ ಕೋರಿದರು. ವರ್ಣಭೇದದ ಆಳ್ವಿಕೆ ಮುಗಿದ ಮೇಲೆ, 1996ರಲ್ಲಿ, ಆ ಕಾಲದ ದೌರ್ಜನ್ಯಗಳ ವಿಚಾರಣೆಗೆಂದು ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ ಕೆಲಸ ಆರಂಭಿಸಿತು. ಮರುವರ್ಷ ಈಸ್ಟ್ ಲಂಡನ್ ನಗರದಲ್ಲಿ ಚರ್ಚುಗಳೇ ಅದರ ಮುಂದೆ ನಿಂತು ತಮ್ಮ ಪಾತ್ರದ ವಿವರ ಕೊಟ್ಟವು. ಕ್ಷಮೆ ಸಿಕ್ಕಷ್ಟು ಸಲೀಸಾಗಿ ಪರಿಹಾರ ಸಿಗಲಿಲ್ಲ. ನೊಂದವರಿಗೆ ಆರು ವರ್ಷ ವಾರ್ಷಿಕ ನೆರವು ಕೊಡಬೇಕೆಂದು ಆಯೋಗ ಶಿಫಾರಸು ಮಾಡಿತ್ತು. 2003ರಲ್ಲಿ ಸರ್ಕಾರ ಒಮ್ಮೆಗೆ 30,000 ರ‍್ಯಾಂಡ್ ಕೊಟ್ಟು ಕೈತೊಳೆದುಕೊಂಡಿತು.