ಕಾಳಿಂಗನ ಮೌನ: ವ್ಯಾಘ್ರಸಂರಕ್ಷಣೆಯಲ್ಲಿ ಜನಪದ ರಂಗಭೂಮಿಯ ಕರ್ತವ್ಯ

೧. ಪ್ರಸ್ತಾವ

೨೦೨೫ನೆಯ ಇಸವಿಯ ಜೂನ್ ತಿಂಗಳ ಕೊನೆಯ ವಾರದಲ್ಲಿ, ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ, ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುದು ಕಂಡುಬಂದಿತು. ಹುಲಿಯು ಹಸುವೊಂದನ್ನು ಕೊಂದಿದ್ದಿತು. ಆ ಹಸುವಿನ ಕಳೇಬರಕ್ಕೆ ವಿಷವನ್ನು ಹಾಕಿದ್ದರು. ತಾನು ಕೆಡವಿದ ಬೇಟೆಗೆ ಮರಳಿ ಬರುವುದು ಹುಲಿಯ ಸ್ವಭಾವವಾದುದರಿಂದ, ಆ ಮಾಂಸವನ್ನು ತಿಂದು ತಾಯಿಯೂ ಮರಿಗಳೂ ಒಟ್ಟಿಗೆ ಮಡಿದುವು. ಈ ದುರಂತ ನಡೆದ ಕಾಡು ಹುಲಿಯ ಹೆಸರನ್ನು ಅರಿಯದ ಕಾಡಲ್ಲ. ಹುಲಿಯನ್ನೇ ವಾಹನವನ್ನಾಗಿ ಮಾಡಿಕೊಂಡು ಎಪ್ಪತ್ತೇಳು ಮಲೆಗಳನ್ನು ಆಳಿದನೆಂದು ಜನರು ಕೊಂಡಾಡುವ ಮಾದಪ್ಪನ ಬೆಟ್ಟಗಳೇ ಅವು. ಕಂಸಾಳೆಯ ನಾದದೊಡನೆ ದೇವರಗುಡ್ಡರು ಆತನ ಕಥೆಯನ್ನು ರಾತ್ರಿಯಿಡೀ ಹಾಡುವ ಸೀಮೆಯೇ ಅದು.

ವ್ಯಾಘ್ರದ ಮಹಿಮೆಯನ್ನು ತಲೆತಲಾಂತರದಿಂದ ಹಾಡಿಕೊಂಡು ಬಂದ ನೆಲದಲ್ಲಿಯೇ ವ್ಯಾಘ್ರಕ್ಕೆ ವಿಷಪ್ರಾಶನವಾದುದು ಹೇಗೆ? ಜನರಲ್ಲಿ ಭಕ್ತಿ ಕುಗ್ಗಿತೆಂದು ಉತ್ತರ ಕೊಡುವುದು ಸುಲಭ. ಆದರೆ ಮಾದಪ್ಪನ ಜಾತ್ರೆಗೆ ಸೇರುವ ಜನಸಾಗರವನ್ನು ಕಂಡವರು ಆ ಉತ್ತರವನ್ನು ಒಪ್ಪಲಾರರು. ದೇವರ ಅಡಿಯಲ್ಲಿರುವ ಹುಲಿ ಆಗಲೇ ದೇವರಿಗೆ ಅಧೀನವಾದ ಹುಲಿ. ಅದು ಯಾರ ಕೊಟ್ಟಿಗೆಗೂ ಬರುವುದಿಲ್ಲ. ಕೊಟ್ಟಿಗೆಗೆ ಬಂದ ಹುಲಿಯೊಡನೆ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಆ ಕಥೆ ಹೇಳಲು ಹೊರಟದ್ದಲ್ಲ. ನಮ್ಮ ಜನಪದ ಪರಂಪರೆಯು ಹುಲಿಗೆ ಮಾತು ಕೊಟ್ಟಿದೆ, ಹಸುವಿಗೆ ಮಾತು ಕೊಟ್ಟಿದೆ, ದೇವರಿಗೆ ಮಾತು ಕೊಟ್ಟಿದೆ. ಹಸುವನ್ನು ಕಳೆದುಕೊಂಡವನಿಗೆ ಮಾತ್ರ ಮಾತು ಕೊಟ್ಟಿರುವುದು ಬಹು ವಿರಳ. ಆ ಕೊರತೆಯನ್ನು ತುಂಬುವುದೇ ಸಹಬಾಳ್ವೆಯನ್ನು ಉದ್ದೇಶಿಸಿದ ರಂಗಭೂಮಿಯ ಪ್ರಥಮ ಕರ್ತವ್ಯವೆಂಬುದು ಪ್ರಕೃತ ಲೇಖನದ ಪ್ರತಿಪಾದ್ಯ.

೨. ಗೋವಿನ ಹಾಡಿನಲ್ಲಿ ಗೊಲ್ಲನ ಸ್ಥಾನ

ಕನ್ನಡದ ಮಕ್ಕಳು ಹುಲಿಯನ್ನು ಮೊದಲು ಕಾಣುವುದು ಕಾಡಿನಲ್ಲಲ್ಲ, ಗೋವಿನ ಹಾಡಿನಲ್ಲಿ. ಹಸಿದ ಅರ್ಬುತವೆಂಬ ವ್ಯಾಘ್ರವು ಪುಣ್ಯಕೋಟಿಯನ್ನು ಅಡ್ಡಗಟ್ಟುವುದು, ಕರುವಿಗೆ ಹಾಲೂಡಿ ಮರಳುವೆನೆಂದು ಅವಳು ಭಾಷೆ ಕೊಡುವುದು, ಕೊಟ್ಟ ಭಾಷೆಗೆ ತಪ್ಪದೆ ಹಿಂದಿರುಗುವುದು, ಅವಳ ಸತ್ಯಕ್ಕೆ ಸೋತ ಹುಲಿಯು ತಾನೇ ಪ್ರಾಣತ್ಯಾಗ ಮಾಡುವುದು, ಇವೆಲ್ಲವೂ ಸರ್ವವಿದಿತ. ಈ ಕಾವ್ಯದ ವಸ್ತು ಸತ್ಯನಿಷ್ಠೆಯೇ ಹೊರತು ಪ್ರಾಣಿಶಾಸ್ತ್ರವಲ್ಲ. ಅದರ ಕರುಣರಸವನ್ನು ಮೀರಿಸತಕ್ಕ ಕೃತಿಗಳು ನಮ್ಮ ಭಾಷೆಯಲ್ಲಿ ಅಲ್ಪವೆಂಬುದರಲ್ಲಿಯೂ ಸಂಶಯವಿಲ್ಲ. ಆದರೂ ಹುಲಿಯೊಡನೆ ನೆರೆಯಾಗಿ ಬಾಳಬೇಕಾದ ರೈತನ ದೃಷ್ಟಿಯಿಂದ ಅದನ್ನು ಓದಿದಾಗ ಎರಡು ಸಂಗತಿಗಳು ಗಮನಕ್ಕೆ ಬರುತ್ತವೆ.

ಮೊದಲನೆಯದು, ಕಥೆಯ ಅಂತ್ಯ. ಹುಲಿಯ ಹಸಿವು ಅಲ್ಲಿ ಅಪರಾಧವಾಗಿ ಪರಿಣಮಿಸುತ್ತದೆ. ಪಶ್ಚಾತ್ತಾಪದಿಂದ ಹುಲಿ ಸಾಯುತ್ತದೆ. ಸಾತ್ತ್ವಿಕವಾದ ಹುಲಿಗೆ ಬದುಕಲು ಆ ಕಾವ್ಯಲೋಕದಲ್ಲಿ ದಾರಿಯಿಲ್ಲ. ಎರಡನೆಯದು, ಇನ್ನೂ ಸೂಕ್ಷ್ಮವಾದದ್ದು, ಕಾಳಿಂಗಗೊಲ್ಲನ ಸ್ಥಾನ. ಕಾವ್ಯದ ಆರಂಭದಲ್ಲಿ ಅವನು ಕೊಳಲನೂದಿ, ಹಸುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುತ್ತಾನೆ. ಹೆಸರಿಟ್ಟು ಕರೆಯುವುದೆಂದರೆ ಸಾಮಾನ್ಯ ಸಂಬಂಧವಲ್ಲ. ಹಟ್ಟಿಯಲ್ಲಿ ಒಂದು ಹೆಸರು ಕಡಮೆಯಾದರೆ ಅವನಿಗೆ ಒಡನೆ ತಿಳಿಯುತ್ತದೆ. ಹೀಗಿದ್ದರೂ ಹುಲಿ ಮತ್ತು ಹಸುಗಳ ನಡುವೆ ನಡೆಯುವ ಧರ್ಮಸಂವಾದದಲ್ಲಿ ಅವನಿಗೆ ಪ್ರವೇಶವೇ ಇಲ್ಲ. ಕೊನೆಯಲ್ಲಿ ಪುಣ್ಯಕೋಟಿಯೇ ಅವನನ್ನು ಕರೆದು ಸಂಕ್ರಾಂತಿಯ ಭಜನೆಯ ವಿಧಿಯನ್ನು ತಿಳಿಸುತ್ತಾಳೆ, ಅವನು ಕೇಳುತ್ತಾನೆ. ಹಸು ಮರಳದೆ ಹೋಗಿದ್ದರೆ ಕಾಳಿಂಗನು ಏನು ಮಾಡುತ್ತಿದ್ದನು? ಹಾಡು ಈ ಪ್ರಶ್ನೆಯನ್ನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಅದಕ್ಕಿರಲಿಲ್ಲ. ನಮ್ಮ ಕಾಲಕ್ಕಾದರೋ ಆ ಪ್ರಶ್ನೆಯೇ ಮುಖ್ಯವಾಗಿ ನಿಂತಿದೆ. ಏಕೆಂದರೆ ವಾಸ್ತವದ ಹಸು ಮರಳುವುದಿಲ್ಲ, ವಾಸ್ತವದ ಹುಲಿ ನಾಚಿ ಸಾಯುವುದಿಲ್ಲ. ಹುಲಿಯ ಅಳಿವು ಉಳಿವುಗಳು ವಾಸ್ತವದ ಕಾಳಿಂಗನ ಕೈಯಲ್ಲಿವೆ.

೩. ಸುಂದರಬನದ ನಿದರ್ಶನ

ಗೋವಿನ ಹಾಡಿಗೆ ಪ್ರತಿಯಾಗಿ ನಿಲ್ಲಿಸಬಹುದಾದ ಕಥೆಯೊಂದು ವಂಗದೇಶದ ದಕ್ಷಿಣದಲ್ಲಿದೆ. ಭಾರತ ಮತ್ತು ಬಾಂಗ್ಲಾದೇಶಗಳಲ್ಲಿ ಒಟ್ಟು ಸುಮಾರು ೧೦,೦೦೦ ಚದರ ಕಿಲೋಮೀಟರುಗಳಷ್ಟು ಹಬ್ಬಿರುವ ಸುಂದರಬನದ ಮ್ಯಾಂಗ್ರೋವ್ ಅರಣ್ಯದಲ್ಲಿ ಜೇನು ಕೀಳುವವರೂ ಮೀನು ಏಡಿಗಳನ್ನು ಹಿಡಿಯುವವರೂ ಪ್ರತಿ ವರ್ಷವೂ ಹುಲಿಯ ಬಾಯಿಗೆ ಸಿಕ್ಕುವ ಭಯದಲ್ಲಿಯೇ ಬಾಳುತ್ತಾರೆ. ಅಲ್ಲಿನ ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ಆರಾಧಿಸುವ ವನದೇವಿ ಬನಬೀಬಿ. ಅವಳ ಚರಿತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ‘ಬನಬೀಬಿ ಜಹುರಾನಾಮಾ’ ಎಂಬ ಹೆಸರಿನಿಂದ ಪದ್ಯರೂಪದಲ್ಲಿ ಅಚ್ಚಾಯಿತು. ಊರಿನ ಅಂಗಳಗಳಲ್ಲಿ ಪಾಲಾಗಾನವಾಗಿ ಇಂದಿಗೂ ಪ್ರಯೋಗಗೊಳ್ಳುತ್ತಿದೆ. ಆಡುವವರಲ್ಲಿಯೂ ನೋಡುವವರಲ್ಲಿಯೂ ಕಾಡಿನ ದುಡಿಮೆಯಿಂದಲೇ ಹೊಟ್ಟೆ ಹೊರೆಯುವವರು ಉಂಟು.

ಆ ಕಥೆಯ ಸಾರವಿಷ್ಟು. ಬಡವಿಧವೆಯೊಬ್ಬಳ ಮಗನಾದ ದುಖೇ ಎಂಬವನನ್ನು ಧೋನಾ ಎಂಬ ವ್ಯಾಪಾರಿ ಜೇನಿಗೆಂದು ಕಾಡಿಗೆ ಕರೆದೊಯ್ಯುತ್ತಾನೆ. ಹುಲಿಯ ರೂಪವನ್ನು ಧರಿಸಬಲ್ಲ ಕಾಡಿನ ಒಡೆಯ ದಕ್ಷಿಣರಾಯನು, ಹುಡುಗನನ್ನು ಬಲಿಯಾಗಿ ಬಿಟ್ಟುಹೋದರೆ ದೋಣಿಗಳ ತುಂಬ ಸಂಪತ್ತನ್ನು ಕೊಡುವೆನೆನ್ನುತ್ತಾನೆ. ಧೋನಾ ಒಪ್ಪುತ್ತಾನೆ. ನದಿಯ ದಿಣ್ಣೆಯ ಮೇಲೆ ದುಖೇ ಒಂಟಿಯಾಗಿ ನಿಂತಿದ್ದಾನೆ, ದೋಣಿಗಳು ದೂರ ಸರಿಯುತ್ತಿವೆ, ಪೊದೆಯಿಂದ ಹುಲಿ ಹೊರಡುತ್ತದೆ. ಆಗ ಬಾಲಕನು ತಾಯಿ ಹೇಳಿಕೊಟ್ಟಂತೆ ಬನಬೀಬಿಯನ್ನು ಕೂಗುತ್ತಾನೆ, ಅವಳು ಬಂದು ಕಾಯುತ್ತಾಳೆ. ಇಲ್ಲಿ ಅತ್ಯಂತ ವಿಚಾರಾರ್ಹವಾದ ಅಂಶವೆಂದರೆ, ದೇವಿಯು ದಕ್ಷಿಣರಾಯನನ್ನು ಸೋಲಿಸುತ್ತಾಳೆ, ಆದರೆ ಕೊಲ್ಲುವುದಿಲ್ಲ. ಕಾಡಿನಲ್ಲಿ ಅವನಿಗೂ ಪಾಲುಂಟು. ಕಾಡನ್ನು ಹೊಗುವ ಮನುಷ್ಯನಿಗೂ ಕಟ್ಟಳೆಯುಂಟು: ಆಯುಧವಿಲ್ಲದೆ, ನಿರ್ಮಲವಾದ ಮನಸ್ಸಿನಿಂದ, ಬೇಕಾದಷ್ಟನ್ನು ಮಾತ್ರ ತರಬೇಕು. ಕಥೆಯಲ್ಲಿ ಖಂಡನೆಗೆ ಒಳಗಾಗುವುದು ಹುಲಿಯ ಹಸಿವೊಂದೇ ಅಲ್ಲ, ಧೋನಾನ ದುರಾಶೆಯೂ ಹೌದು. ಹುಲಿ ಬದುಕಿ ಉಳಿದು, ಮೇರೆಯೊಂದು ಸ್ಥಾಪಿತವಾಗಿ, ಮೇರೆಯನ್ನು ಮೀರಿದ ಮನುಷ್ಯನು ರಂಗದ ಮೇಲೆ ಪ್ರಶ್ನೆಗೆ ಗುರಿಯಾಗುವ ಈ ವಿನ್ಯಾಸವನ್ನೇ ಸಹಬಾಳ್ವೆಯ ನಾಟಕದ ಮಾದರಿಯೆಂದು ಗ್ರಹಿಸಬಹುದು.

೪. ಪ್ರೇಕ್ಷಕನು ಪಾತ್ರಧಾರಿಯಾಗುವ ಬಗೆ

ಪಾಲಾಗಾನದಲ್ಲಿ ಧರ್ಮನಿರ್ಣಯವನ್ನು ಮಾಡುವವಳು ದೇವಿ. ದೇವಿಯು ರಂಗದ ಮೇಲೆ ಬಾರದ ಪಕ್ಷದಲ್ಲಿ ನಿರ್ಣಯವನ್ನು ಮಾಡುವವರು ಯಾರು? ಇಲ್ಲಿ ಬ್ರೆಜಿಲ್ ದೇಶದ ನಾಟ್ಯಾಚಾರ್ಯ ಆಗಸ್ಟೊ ಬೋಲ್ (೧೯೩೧–೨೦೦೯) ರೂಪಿಸಿದ ಪ್ರಯೋಗಪದ್ಧತಿಯು ಉಪಯುಕ್ತವಾಗುತ್ತದೆ. ಊರಿನ ಕಷ್ಟವೊಂದನ್ನು ಕಿರುನಾಟಕವಾಗಿ ಆಡಿ, ನಾಯಕನು ಸೋಲುವ ಘಟ್ಟದಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಆಡುವಾಗ ಪ್ರೇಕ್ಷಕರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದುಬಂದು ನಾಯಕನ ಸ್ಥಾನದಲ್ಲಿ ನಿಂತು ಬೇರೊಂದು ದಾರಿಯನ್ನು ಆಡಿ ತೋರಿಸುವುದೇ ಅದರ ಕ್ರಮ. ೧೯೮೫ರಲ್ಲಿ ಸಂಜಯ್ ಗಂಗೂಲಿಯವರು ಸ್ಥಾಪಿಸಿದ ‘ಜನ ಸಂಸ್ಕೃತಿ’ ಎಂಬ ತಂಡವು ಈ ಪದ್ಧತಿಯನ್ನು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಬೇರೂರಿಸಿತು.

ಇದರ ಬೀಜವು ನಮ್ಮಲ್ಲಿ ಇಲ್ಲದೆ ಇಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ್ಯವನ್ನು ಹಾಡಿದ ಮೇಲೆ ಅರ್ಥಧಾರಿಗಳು ಎದುರುಬದುರಾಗಿ ಕುಳಿತು ಆಶುವಾಗಿ ವಾದಿಸುತ್ತಾರೆ. ವಾಲಿಯ ಅರ್ಥವನ್ನು ಹೇಳುವವನು ರಾಮನನ್ನೇ ನಿಲ್ಲಿಸಿ, ಮರೆಯಿಂದ ಬಾಣ ಬಿಟ್ಟುದು ಯಾವ ಧರ್ಮವೆಂದು ಕೇಳಿದರೆ, ಸಭೆಯು ಅವನನ್ನು ನಾಸ್ತಿಕನೆನ್ನುವುದಿಲ್ಲ, ಸಮರ್ಥನೆಂದು ತಲೆದೂಗುತ್ತದೆ. ಪ್ರತಿಪಕ್ಷದ ನ್ಯಾಯವನ್ನು ಪೂರ್ಣವಾಗಿ ಕೇಳಿದ ಮೇಲೆಯೇ ಧರ್ಮವು ಸ್ಪಷ್ಟವಾಗುವುದೆಂಬ ಈ ಸಂಸ್ಕಾರವು, ಹುಲಿಯನ್ನು ಉಳಿಸಿರೆಂದು ನೇರವಾಗಿ ಉಪದೇಶಿಸುವ ಬೀದಿನಾಟಕಗಳಲ್ಲಿ ಸಾಮಾನ್ಯವಾಗಿ ಕಾಣದು. ಅವುಗಳಲ್ಲಿ ರೈತನು ಅಜ್ಞಾನಿಯಾಗಿ ಪ್ರವೇಶಿಸಿ, ಜ್ಞಾನಿಯೊಬ್ಬನ ಭಾಷಣವನ್ನು ಕೇಳಿ, ಪರಿವರ್ತಿತನಾಗಿ ನಿರ್ಗಮಿಸುತ್ತಾನೆ. ನೋಡುತ್ತಿರುವ ನಿಜವಾದ ರೈತನು ಚಪ್ಪಾಳೆ ತಟ್ಟಿ, ಹೇಳಬೇಕಾದುದನ್ನು ಹೇಳದೆಯೇ ಮನೆಗೆ ಹೋಗುತ್ತಾನೆ. ಕಾಳಿಂಗನ ಮೌನ ಅಲ್ಲಿಯೂ ಮುಂದುವರಿಯುತ್ತದೆ.

೫. ಒಂದು ರಾತ್ರಿಯ ನಾಟಕ

ಹಾಗಾದರೆ ಅವನಿಗೆ ಮಾತು ಕೊಡಬೇಕಾದ ಘಳಿಗೆ ಯಾವುದು? ಹುಲಿಯು ಹಸುವನ್ನು ಕೊಂದ ಘಳಿಗೆಗೂ ಉಳಿದ ಮಾಂಸಕ್ಕೆ ಮರಳುವ ಘಳಿಗೆಗೂ ನಡುವೆ ಒಂದು ಅವಕಾಶವುಂಟು. ವಿಷ ಬೀಳುವುದು ಆ ಅವಧಿಯಲ್ಲಿ. ಬೀಳದೆ ಉಳಿಯುವುದೂ ಆ ಅವಧಿಯಲ್ಲಿಯೇ. ನಾಟಕದ ಗ್ರಂಥಿಯನ್ನು ಅಲ್ಲಿ ಕಟ್ಟತಕ್ಕದ್ದು.

ದೃಶ್ಯವನ್ನು ಹೀಗೆ ಭಾವಿಸಬಹುದು. ಹಟ್ಟಿಯ ಮುಂದೆ ಒಂದು ಲಾಟೀನು, ಒಂದು ಗೂಟ, ಗೂಟಕ್ಕೆ ಸುತ್ತಿದ ಬರಿಯ ಹಗ್ಗ. ಒಳಗೆ ಕರು ಅರಚುತ್ತಿದೆ. ಹೆಂಡತಿಯು ಡೇರಿಗೆ ಹಾಕಿದ ಹಾಲಿನ ಚೀಟಿಯನ್ನೂ ಸಂಘದ ಸಾಲದ ಕಂತನ್ನೂ ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಿದ್ದಾಳೆ. ನೆರೆಯವನೊಬ್ಬನು ಬೆಳೆಗೆ ಹೊಡೆಯುವ ಔಷಧದ ಸೀಸೆಯನ್ನು ಟವಲಿನಲ್ಲಿ ಸುತ್ತಿ ತಂದು, ‘ಅದು ಇವತ್ತು ರಾತ್ರಿ ಬಂದೇ ಬತ್ತದ ಕನಣ್ಣ, ನೀನು ಸುಮ್ಕಿರು, ಮಿಕ್ಕುದ್ದ ನಾನು ನೋಡ್ಕತೀನಿ’ ಎಂದು ಜಗಲಿಯ ಮೇಲಿಡುತ್ತಾನೆ. ಕಾಳಿಂಗನು ಸೀಸೆಯನ್ನೂ ಹಗ್ಗವನ್ನೂ ನೋಡುತ್ತಾನೆ. ಭಾಗವತನು ತಾಳವನ್ನು ನಿಲ್ಲಿಸಿ ಸಭೆಯನ್ನು ಕೇಳುತ್ತಾನೆ: ಇವನ ಜಾಗದಲ್ಲಿ ನಿಲ್ಲುವವರು ಯಾರು?

ಎದ್ದುಬಂದವನು ಅರಣ್ಯ ಇಲಾಖೆಗೆ ತಿಳಿಸುವೆನೆನ್ನಬಹುದು. ಆಗ ಗಾರ್ಡಿನ ಪಾತ್ರವನ್ನು ವಹಿಸಿದವನು ಕಳೇಬರವನ್ನು ಮುಟ್ಟದೆ ಬಿಡಬೇಕೆಂಬುದನ್ನೂ, ಮಹಜರು ಆಗದೆ ಪರಿಹಾರವಿಲ್ಲವೆಂಬುದನ್ನೂ ಹೇಳುತ್ತಾನೆ. ‘ಮಹಜರಿಗೆ ನೀವು ಬರುವುದು ಎಂದು?’ ಎಂದು ಮತ್ತೊಬ್ಬನು ಕೇಳಬಹುದು. ಸಭೆಯಲ್ಲಿ ಕುಳಿತ ನಿಜವಾದ ಅಧಿಕಾರಿಯು ಎಲ್ಲರೆದುರಿನಲ್ಲಿ ಉತ್ತರಿಸಬೇಕಾಗುತ್ತದೆ. ಹೆಂಗಸೊಬ್ಬಳು ಎದ್ದು, ಆ ವಿಷದ ಮಾಂಸವನ್ನು ತಮ್ಮ ನಾಯಿಯೂ ತಿಂದೀತೆಂದು ಎಚ್ಚರಿಸಬಹುದು. ಮುದುಕನೊಬ್ಬನು, ಕಾಡಿನಲ್ಲಿ ದೊಡ್ಡಿ ಹಾಕಿ ಮೇಯಿಸುತ್ತಿದ್ದ ಕಾಲದ ಕಾವಲಿನ ಉಪಾಯಗಳನ್ನು ನೆನೆಯಬಹುದು. ಮೇವಿನ ಹಕ್ಕಿನ ವಿವಾದವನ್ನೇ ಎತ್ತಬಹುದು. ಇವೆಲ್ಲವೂ ನಾಟಕದ ಲೋಪಗಳಲ್ಲ, ಇವೇ ನಾಟಕ.

ಚಿರತೆಯ ವಿಷಯಕ್ಕೂ ಈ ಕ್ರಮವು ಒದಗುತ್ತದೆ. ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡೊಡನೆ, ಬೋನಿಟ್ಟು ಹಿಡಿದು ದೂರದ ಕಾಡಿಗೆ ಬಿಡಿರೆಂಬ ಕೂಗು ಏಳುವುದು ಸಹಜ. ಆದರೆ ಮಹಾರಾಷ್ಟ್ರದ ಜುನ್ನರ ಪ್ರದೇಶದಲ್ಲಿ ಹಾಗೆ ಹಿಡಿದು ಬಿಡುವ ಕಾರ್ಯವು ಪ್ರಾರಂಭವಾದ ಮೇಲೆ ಮನುಷ್ಯರ ಮೇಲಿನ ಆಕ್ರಮಣಗಳು ವರ್ಷಕ್ಕೆ ಸರಾಸರಿ ೪ರಿಂದ ೧೭ಕ್ಕೆ ಏರಿದುವೆಂದು ವಿದ್ಯಾ ಅತ್ರೇಯ ಮತ್ತು ಅವರ ಸಹೋದ್ಯೋಗಿಗಳು ೨೦೧೧ರಲ್ಲಿ ಪ್ರಕಟಿಸಿದರು. ಇಂತಹ ವಿಪರೀತಫಲವನ್ನು ಅಂಕಿಅಂಶವಾಗಿ ಹೇಳಿದರೆ ನಂಬುವವರು ವಿರಳ. ಒಂದೂರಿನ ಬೋನು ಇನ್ನೊಂದೂರಿನ ಭಯವಾಗುವುದನ್ನು ಎರಡು ಅಂಕಗಳಲ್ಲಿ ಆಡಿ ತೋರಿಸಿದರೆ ಯಾರಿಗೂ ವಿವರಣೆ ಬೇಡ.

೬. ಮಿತಿಗಳು, ಸಮಾರೋಪ

ರಂಗಭೂಮಿಯ ಶಕ್ತಿಯನ್ನು ಅತಿಯಾಗಿ ಹೊಗಳುವುದು ಅದಕ್ಕೆ ಮಾಡುವ ಅಪಚಾರವೇ ಸರಿ. ಪರಿಹಾರಧನವು ತಡವಾಗಿ ಬರುವ ಊರಿನಲ್ಲಿ, ಭದ್ರವಾದ ಕೊಟ್ಟಿಗೆಯನ್ನು ಕಟ್ಟಲು ಶಕ್ತಿಯಿಲ್ಲದ ಮನೆಯಲ್ಲಿ, ನಾಟಕವೊಂದೇ ಹುಲಿಯನ್ನು ಕಾಯಲಾರದು. ೧೯೭೩ರಲ್ಲಿ ವ್ಯಾಘ್ರಯೋಜನೆ ಆರಂಭವಾದಾಗ ಮೊದಲ ಒಂಬತ್ತು ಧಾಮಗಳಲ್ಲಿ ಬಂಡೀಪುರವೂ ಒಂದಾಗಿದ್ದಿತು. ೨೦೨೨ರ ಗಣತಿಯಲ್ಲಿ ಕರ್ನಾಟಕದ ಹುಲಿಗಳ ಸಂಖ್ಯೆ ೫೬೩ ಎಂದು ಅಂದಾಜಾಯಿತು. ಶಾಸನ, ಕಾವಲು, ವಿಜ್ಞಾನಗಳಿಂದ ಇಷ್ಟು ಸಾಧ್ಯವಾಗಿದೆ. ಇನ್ನು ಮುಂದಿನ ಸಾಧನೆಯು ಕಾಡಿನ ಅಂಚಿನ ಹಟ್ಟಿಗಳಲ್ಲಿ ನಡೆಯಬೇಕಾಗಿದೆ. ಅಲ್ಲಿಗೆ ಶಾಸನಕ್ಕಿಂತ ಸಲೀಸಾಗಿ ಪ್ರವೇಶಿಸಬಲ್ಲುದು ಕಥೆ. ಮಾದಪ್ಪನ ಬೆಟ್ಟದಲ್ಲಿ ಕಂಸಾಳೆಯಿಂದ, ಮಲೆನಾಡಿನಲ್ಲಿ ತಾಳಮದ್ದಳೆಯಿಂದ, ಹುಲಿವೇಷದ ತಾಸೆಗೆ ಮೈ ಪುಳಕಗೊಳ್ಳುವ ಕರಾವಳಿಯಲ್ಲಿ ಆ ವೇಷದಿಂದಲೇ, ಆಯಾ ಸೀಮೆಯ ಜನರೇ ಆಯಾ ಸೀಮೆಯ ನುಡಿಯಲ್ಲಿ ಕಟ್ಟಿದ ಕಥೆಯಾಗಿರಬೇಕು ಅದು.

ಹೂಗ್ಯಂನ ಆ ಹಸುವಿಗೂ ಒಂದು ಹೆಸರಿದ್ದಿರಬೇಕು. ಸತ್ತ ಹುಲಿಗಳ ಸಂಖ್ಯೆಯನ್ನು ನಾಡೆಲ್ಲ ಓದಿತು. ಹಸುವಿನ ಹೆಸರನ್ನು ಕೇಳಿದವರು ಕಡಮೆ. ಹೆಸರಿಟ್ಟು ಕರೆದವನ ದುಃಖವನ್ನು ವಿಷದ ಸೀಸೆಗೆ ಮುಂಚೆಯೇ ಸಭೆಯೊಂದು ಕೂತು ಕೇಳುವಂತಾದರೆ, ಮರಿಗಳೊಡನೆ ಮರಳಿ ಬರುವ ಹುಲಿಯು ಉಳಿದ ಮಾಂಸವನ್ನು ತಿಂದು ಕಾಡಿಗೆ ಹೋದೀತು.